ಹಬ್ಬದ ಮಾರುಕಟ್ಟೆಯಲ್ಲಿ ಚೌಕಾಸಿಗೂ ಮುಂಚಿನ ಕೆಲಸ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಕೆ.ಆರ್. ಮಾರ್ಕೆಟ್ಟಿಗೆ, ಹೋದವರು ಮನೆಗೆ ಮರಳಿ ಸಾಮಾನ್ಯವಾಗಿ ಎರಡು ಕಥೆಗಳಲ್ಲಿ ಒಂದನ್ನು ಹೇಳುತ್ತಾರೆ. ಹೂವಿನವಳೊಡನೆ ವಾದಿಸಿ ಇಪ್ಪತ್ತು ರೂಪಾಯಿ ಇಳಿಸಿದೆ ಎಂಬುದು ಒಂದು, ಈ ಸಲ ಎಲ್ಲರೂ ಸೇರಿ ಸುಲಿಗೆ ಮಾಡಿದರು ಎಂಬುದು ಇನ್ನೊಂದು. ಎರಡೂ ಕಥೆಗಳಲ್ಲಿ ಬೆಲೆ ತೀರ್ಮಾನವಾಗುವುದು ಮಾತಿನ ಜಗಳದಲ್ಲಿ. ನನ್ನ ಅನುಭವದಲ್ಲಿ ಅದು ಹಾಗಲ್ಲ. ನೀವು ಯಾವ ದಿನ ಹೋದಿರಿ, ಎಷ್ಟು ಹೊತ್ತಿಗೆ ತಲುಪಿದಿರಿ, ಯಾವ ಬೀದಿಯಲ್ಲಿ ನಿಂತಿರಿ, ಮೊಳದಲ್ಲಿ ಕೇಳಿದಿರೋ ತೂಕದಲ್ಲಿ ಕೇಳಿದಿರೋ ಎಂಬಷ್ಟರಲ್ಲೇ ಬೆಲೆಯ ಬಹುಪಾಲು ನಿಶ್ಚಯವಾಗಿರುತ್ತದೆ. ಬಾಯಿ ತೆರೆದ ಮೇಲೆ ಉಳಿಯುವುದು ಬರೀ ಅಂಚಿನ ಹಣ.

ಹಬ್ಬದ ಖರೀದಿಯಲ್ಲಿ ಎಲ್ಲ ಸಾಮಾನನ್ನೂ ಒಂದೇ ದಿನ ತರಬೇಕೆಂಬ ಹಟವೇ ದುಬಾರಿಯ ಮೊದಲ ಕಾರಣ. ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ಎಂಬುದು ವರ್ಷದ ಆರಂಭದಲ್ಲೇ ಪಂಚಾಂಗದಲ್ಲಿ ಇರುತ್ತದೆ, ಭಾದ್ರಪದ ಶುದ್ಧ ತದಿಗೆ ಮತ್ತು ಚೌತಿಯ ಗೌರಿ ಗಣೇಶ ಹಬ್ಬವೂ ಹಾಗೆಯೇ. ಹೀಗಿದ್ದೂ ಅರಿಶಿನ, ಕುಂಕುಮ, ಅಡಿಕೆ, ಗೆಜ್ಜೆವಸ್ತ್ರ, ಬಳೆ, ರವಿಕೆ ಕಣ, ಬಾಗಿನದ ಮೊರ, ಲಕ್ಷ್ಮಿಯ ಮುಖವಾಡ ಇಂಥ ಕೆಡದ ವಸ್ತುಗಳನ್ನೂ ನಾವು ಗುರುವಾರದ ನೂಕುನುಗ್ಗಲಿಗೇ ಉಳಿಸಿಕೊಳ್ಳುತ್ತೇವೆ. ಇವುಗಳ ಸಗಟು ದರ ಹಬ್ಬದ ವಾರದಲ್ಲಿ ಅಷ್ಟೇನೂ ಏರುವುದಿಲ್ಲ. ಏರುವುದು ಚಿಲ್ಲರೆ ವ್ಯಾಪಾರಿಯ ಧೈರ್ಯ, ಏಕೆಂದರೆ ಆ ದಿನ ನಿಮಗೆ ಮುಂದಿನ ಅಂಗಡಿಗೆ ಹೋಗಿ ವಿಚಾರಿಸುವಷ್ಟು ವ್ಯವಧಾನ ಇಲ್ಲ ಎಂಬುದು ಅವನಿಗೆ ಗೊತ್ತಿರುತ್ತದೆ. ಎರಡು ವಾರ ಮುಂಚೆ, ವಾರದ ನಡುವಿನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇದೇ ಸಾಮಾನಿಗೆ ಹೋದರೆ ಅಂಗಡಿಯಾತ ಸ್ಟೂಲು ಕೊಟ್ಟು ಕೂರಿಸಿ ನಾಲ್ಕು ಬಗೆಯ ಬಳೆ ಹರಡುತ್ತಾನೆ.

ಸೀರೆಯ ವಿಷಯದಲ್ಲಿ ಇನ್ನೂ ಹಿಂದಕ್ಕೆ ಹೋಗಬೇಕು. ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲದೆ ಬಟ್ಟೆ ಅಂಗಡಿಗಳು ಬಣಗುಡುವುದರಿಂದ ರಿಯಾಯಿತಿ ಮಾರಾಟ ಹೂಡುವುದು ನಮ್ಮ ಊರುಗಳ ಹಳೆಯ ರೂಢಿ. ಆಷಾಢ ಕಳೆದು ಶ್ರಾವಣ ಹುಟ್ಟಿದ ಮರುದಿನವೇ ಆ ಫಲಕಗಳು ಇಳಿಯುತ್ತವೆ. ಹಬ್ಬಕ್ಕೆ ಉಡುವ ಸೀರೆಯನ್ನು ಆಷಾಢದಲ್ಲಿ ಕೊಳ್ಳಬಾರದು ಎನ್ನುವ ಹಿರಿಯರು ನಮ್ಮ ಮನೆಯಲ್ಲೂ ಇದ್ದರು. ಕೊಂಡು ಬೀರುವಿನಲ್ಲಿಟ್ಟು ಶ್ರಾವಣದಲ್ಲಿ ಮಡಿಕೆ ಬಿಚ್ಚಿದರೆ ದೋಷವಿಲ್ಲ ಎಂದು ಅತ್ತೆಯವರೇ ಒಂದು ಪರಿಹಾರ ಕಂಡುಕೊಂಡಿದ್ದರು, ಅದಕ್ಕೆ ಶಾಸ್ತ್ರದ ಆಧಾರವನ್ನು ಯಾರೂ ಕೇಳಲಿಲ್ಲ. ಆದರೆ ರಿಯಾಯಿತಿ ಎಂದ ಮಾತ್ರಕ್ಕೆ ನಂಬಬೇಕಾಗಿಲ್ಲ. ಬೆಲೆಚೀಟಿಯಲ್ಲಿ ಹೊಡೆದುಹಾಕಿದ ದೊಡ್ಡ ಅಂಕಿ ಎಂದಾದರೂ ನಿಜವಾದ ಬೆಲೆಯಾಗಿತ್ತೇ ಎಂಬುದನ್ನು ತಿಳಿಯಲು ಅದೇ ಬಗೆಯ ಸೀರೆಯನ್ನು ಇನ್ನೊಂದು ಅಂಗಡಿಯಲ್ಲಿ ವಿಚಾರಿಸುವುದಕ್ಕಿಂತ ಬೇರೆ ದಾರಿಯಿಲ್ಲ.

ಹೂವಿನ ಲೆಕ್ಕ ಇದಕ್ಕೆ ಸಂಪೂರ್ಣ ವಿರುದ್ಧ. ಅದನ್ನು ತಿಂಗಳ ಮುಂಚೆ ತಂದಿಡಲಾಗದು, ವ್ಯಾಪಾರಿಯೂ ಕೂಡಿಡಲಾರ. ಬೆಂಗಳೂರಿನ ಸುತ್ತಮುತ್ತಲಿನ ಚಿಕ್ಕಬಳ್ಳಾಪುರ, ಕೋಲಾರದ ಕಡೆಯಿಂದಲೂ ಗಡಿಯಾಚೆಯ ಹೊಸೂರಿನ ಕಡೆಯಿಂದಲೂ ರಾತ್ರಿಯಿಡೀ ಬರುವ ಮೂಟೆಗಳು ಬೆಳಕು ಹರಿಯುವ ಮುನ್ನವೇ ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಳದಲ್ಲಿ ಸಗಟಾಗಿ ಕೈ ಬದಲಾಗುತ್ತವೆ. ಅಲ್ಲಿಂದ ಬಡಾವಣೆಯ ಹೂವಿನಂಗಡಿಗೆ, ದೇವಸ್ಥಾನದ ಬಾಗಿಲಿಗೆ, ತಳ್ಳುಗಾಡಿಗೆ ಹಂಚಿಹೋಗುವಷ್ಟರಲ್ಲಿ ಪ್ರತಿ ಕೈಯೂ ತನ್ನ ಪಾಲನ್ನು ಸೇರಿಸಿರುತ್ತದೆ. ಬಾಕಿ ದಿನಗಳಲ್ಲಿ ಮಿತವಾಗಿರುವ ಕನಕಾಂಬರದ ಕಿಲೋ ದರ ವರಮಹಾಲಕ್ಷ್ಮಿಯ ಮುನ್ನಾದಿನ ಸಾವಿರ ರೂಪಾಯಿಗಳ ಗಡಿ ದಾಟುವುದು ನಮಗೆ ಈಗ ಸುದ್ದಿಯೇ ಅಲ್ಲ. ಅದನ್ನು ಬರೀ ದುರಾಸೆ ಎನ್ನುವುದು ಸುಲಭ. ಕನಕಾಂಬರದ ಒಂದು ಹೂವಿಗೆ ತೂಕವೇ ಇಲ್ಲ, ಕಿಲೋ ತುಂಬಲು ಎಷ್ಟೋ ಸಾವಿರ ಹೂಗಳನ್ನು ಕೈಯಿಂದ ಒಂದೊಂದಾಗಿ ಬಿಡಿಸಬೇಕು. ಬಿಡಿಸುವ ಕೈಗಳು ಅಷ್ಟೇ ಇರುವಾಗ ಇಡೀ ಊರು ಒಂದೇ ಬೆಳಿಗ್ಗೆ ಅದನ್ನೇ ಕೇಳುತ್ತದೆ. ಶ್ರಾವಣದ ಮಳೆ ಹಿಡಿದರೆ ಗಿಡದಲ್ಲೇ ಹೂವು ಕೊಳೆಯುವುದೂ ಉಂಟು.

ಆದ್ದರಿಂದ ಹೂವಿನಲ್ಲಿ ಉಳಿತಾಯ ಬೇಕಾದವರು ಮೊದಲು ತಮ್ಮ ಪಟ್ಟಿಯನ್ನೇ ತಿದ್ದಬೇಕು. ಕನಕಾಂಬರ ದೇವಿಯ ಮುಡಿಗೆ ಒಂದು ತುಂಡು ಸಾಕು, ಮಂಟಪಕ್ಕೆ ಸೇವಂತಿಗೆ, ಚೆಂಡುಹೂವು, ಸುಗಂಧರಾಜ ನಡೆಯುತ್ತವೆ. ಸೇವಂತಿಗೆಯೂ ಸುಗಂಧರಾಜವೂ ನೀರಿನ ಪಸೆಯಿಲ್ಲದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಕೆಡುವುದಿಲ್ಲ, ಹಾಗಾಗಿ ಇವನ್ನು ಬುಧವಾರವೇ ತರಬಹುದು. ಮಲ್ಲಿಗೆಯನ್ನು ಬಿಗಿಯಾದ ಮೊಗ್ಗಾಗಿರುವಾಗಲೇ ತೆಗೆದುಕೊಂಡು ಬಾಳೆಲೆಯಲ್ಲಿ ಕಟ್ಟಿಟ್ಟರೆ ಪೂಜೆಯ ಹೊತ್ತಿಗೆ ಅರಳುತ್ತದೆ. ತಾವರೆಯಲ್ಲಿ ಮೊಗ್ಗಿನ ದಂಟು ಗಟ್ಟಿಯಾಗಿರಬೇಕು, ಹೊರದಳದ ತುದಿ ಕಪ್ಪಾಗಿರಬಾರದು. ಬಿಡಿ ಗುಲಾಬಿ ಮಾತ್ರ ಮುಂಚಿತವಾಗಿ ತಂದವರನ್ನು ಸತಾಯಿಸುತ್ತದೆ, ಮುಟ್ಟಿದರೆ ದಳ ಉದುರುತ್ತದೆ.

ಗುರುವಾರವೇ ಹೋಗಬೇಕಾದರೆ ಹೊತ್ತನ್ನು ನೋಡಿಕೊಳ್ಳಬೇಕು. ಬೆಳಗಿನ ಐದರಿಂದ ಏಳರೊಳಗೆ ಸಗಟಿನವನೂ ಚಿಲ್ಲರೆಯವನೂ ಒಟ್ಟಿಗಿರುತ್ತಾರೆ, ಸರಕು ತಾಜಾ, ದರ ಇನ್ನೂ ತೂಗಾಡುತ್ತಿರುತ್ತದೆ. ಸಂಜೆ ಕಚೇರಿ ಬಿಟ್ಟು ಬರುವವರ ಅಲೆ ಶುರುವಾದ ಮೇಲೆ, ಅಂದರೆ ಐದೂವರೆಯಿಂದ ಒಂಬತ್ತರವರೆಗೆ, ಬೆಲೆಯೂ ಜನಸಂದಣಿಯೂ ಒಟ್ಟಿಗೆ ನೆತ್ತಿಗೇರುತ್ತವೆ. ಆ ಹೊತ್ತಿನಲ್ಲಿ ಚೌಕಾಸಿಗೆ ನಿಂತವರನ್ನು ಹಿಂದಿನವರೇ ಮುಂದೆ ದೂಡುತ್ತಾರೆ. ರಾತ್ರಿ ಹತ್ತರ ಮೇಲೆ ಮತ್ತೆ ಒಂದು ಸಡಿಲಿಕೆ ಕಾಣುತ್ತದೆ, ಆದರೆ ಅದು ಆ ದಿನದ ಆವಕವನ್ನು ಅವಲಂಬಿಸಿದ್ದು, ಸರಕು ಕಡಿಮೆಯಿದ್ದರೆ ರಾತ್ರಿಯ ದರವೇ ಅತಿ ದುಬಾರಿ. ಶುಕ್ರವಾರ ಬೆಳಿಗ್ಗೆ ಹತ್ತು ದಾಟಿದೊಡನೆ ಇಳಿತ ಖಂಡಿತ, ಮಧ್ಯಾಹ್ನಕ್ಕೆ ಬಾಳೆಕಂದು ಕೇಳುವವರೇ ಇರುವುದಿಲ್ಲ. ಪೂಜೆಯನ್ನು ಸಂಜೆ ಇಟ್ಟುಕೊಳ್ಳುವ ಮನೆಗಳಿಗೆ ಇದೊಂದು ದೊಡ್ಡ ಅನುಕೂಲ, ಆದರೂ ಹೆಚ್ಚಿನವರು ಇದನ್ನು ಬಳಸಿಕೊಳ್ಳುವುದಿಲ್ಲ. ಗೌರಿ ಗಣೇಶದಲ್ಲಿ ಈ ಉಪಾಯ ಫಲಿಸದು, ಗೌರಿಯ ಬೆನ್ನಿಗೇ ಗಣೇಶ ಬರುವುದರಿಂದ ಮೊದಲ ದಿನ ಉಳಿದ ಸರಕನ್ನು ಯಾರೂ ಅಗ್ಗಕ್ಕೆ ಬಿಡುವುದಿಲ್ಲ.

ಇನ್ನು ಅಳತೆ. ಕಟ್ಟಿದ ಹೂವು ಮೊಳದಲ್ಲೂ ಮಾರಿನಲ್ಲೂ ಮಾರಾಟವಾಗುತ್ತದೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿ, ಮಾರೆಂದರೆ ಚಾಚಿದ ಎರಡು ತೋಳುಗಳ ಉದ್ದ. ಯಾರ ಮೊಳ ಎಂಬುದರ ಮೇಲೆ ಬೆಲೆ ನಿಂತಿದೆ ಎಂದು ನಗುವುದುಂಟು, ಆದರೆ ನೋಡಬೇಕಾದದ್ದು ಉದ್ದವನ್ನಲ್ಲ, ಕಟ್ಟನ್ನು. ಹೂವಿನವಳು ಅಳೆಯುವಾಗ ಅವಳ ಬೆರಳುಗಳ ಕಡೆ ಗಮನವಿಡಿ. ಬಲಗೈಯಲ್ಲಿ ದಂಡೆಯ ತುದಿ ಹಿಡಿದು, ಎಡ ಮೊಣಕೈಯಿಂದ ಎಳೆದು, ನಡುಬೆರಳಿಗೆ ಬಂದಲ್ಲಿ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾಳೆ, ಮತ್ತೆ ಅಲ್ಲಿಂದ ಎರಡನೆಯ ಮೊಳ. ಒತ್ತಿ ಹಿಡಿದ ಜಾಗ ಪ್ರತಿ ಸಲವೂ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದರೆ ಐದು ಮೊಳಕ್ಕೆ ಎರಡು ಅಂಗೈಯಗಲವಾದರೂ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಇರುವುದು ಎರಡು ಗಂಟುಗಳ ನಡುವಿನ ಖಾಲಿ ನಾರಿನಲ್ಲಿ. ಹತ್ತಿರ ಹತ್ತಿರ ಕಟ್ಟಿದ ದಂಡೆಯನ್ನು ಅಂಗೈಮೇಲೆ ಹರಡಿದರೆ ನಾರು ಕಾಣಿಸಬಾರದು. ಹಬ್ಬದ ಅವಸರಕ್ಕೆ ಕಟ್ಟಿದ ದಂಡೆಯಲ್ಲಿ ಗಂಟಿನಿಂದ ಗಂಟಿಗೆ ಬೆರಳು ತೂರುತ್ತದೆ. ಅಂಥ ಎರಡು ಮೊಳಕ್ಕಿಂತ ಒತ್ತಾಗಿ ಕಟ್ಟಿದ ಒಂದು ಮೊಳ ಮೇಲು, ಬೆಲೆ ಹೆಚ್ಚಾದರೂ ಸರಿಯೆ. ಮನೆಯಲ್ಲಿ ಹೂ ಕಟ್ಟಲು ಬರುವವರಿದ್ದರೆ ಬಿಡಿಹೂವನ್ನು ಕಾಲು ಕಿಲೋ ಲೆಕ್ಕದಲ್ಲಿ ತರುವುದೇ ಲಾಭ, ನಾಲ್ಕು ಮನೆಯವರು ಸೇರಿ ಸಗಟಿನವನ ಬಳಿ ಒಂದು ಮೂಟೆ ಒಡೆಸಿಕೊಂಡರೆ ಇನ್ನೂ ಲಾಭ. ತೂಕಕ್ಕೆ ಕೊಳ್ಳುವಾಗ ಹೂವಿನೊಳಗೆ ಕೈಯಿಟ್ಟು ನೋಡಬೇಕು, ತಾಜಾತನ ಕಾಣಲೆಂದು ಚಿಮುಕಿಸಿದ ನೀರು ತಟ್ಟೆಯಲ್ಲಿ ನಮ್ಮ ಹಣಕ್ಕೇ ತೂಗುತ್ತದೆ.

ತಕ್ಕಡಿಯ ವಿಚಾರವೂ ಇಲ್ಲೇ ಬರಲಿ. ಈಗ ತಳ್ಳುಗಾಡಿಯಲ್ಲೂ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ತಟ್ಟೆ ಖಾಲಿಯಿರುವಾಗ ಪರದೆಯಲ್ಲಿ ಸೊನ್ನೆ ಇದೆಯೇ, ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಇಟ್ಟ ಮೇಲೆ ಅದರ ತೂಕವನ್ನು ಕಳೆದು ಮತ್ತೆ ಸೊನ್ನೆಗೆ ತಂದನೇ ಎಂಬಷ್ಟನ್ನು ನೋಡಿದರೆ ಸಾಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರದ ತಕ್ಕಡಿ, ತೂಕದ ಬಟ್ಟುಗಳಿಗೆ ಇಲಾಖೆಯ ಪರಿಶೀಲನೆಯೂ ಮುದ್ರೆಯೂ ಇರಬೇಕು. ಅದೇ ರೀತಿ ಪೊಟ್ಟಣದ ಸಾಮಾನಿಗೆ, ಅಗರಬತ್ತಿಯಾಗಲಿ ಕರ್ಪೂರವಾಗಲಿ ತುಪ್ಪವಾಗಲಿ, ಮುದ್ರಿತ ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. ಹಬ್ಬದ ದಿನವೆಂಬ ವಿನಾಯಿತಿ ಎಲ್ಲೂ ಇಲ್ಲ. ದೂರು ಕೊಡಲೇಬೇಕೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಗ್ಗದ ದೀಪದ ತುಪ್ಪವೆಂದು ಮಾರುವ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಕೊಳ್ಳುವುದು ಒಳ್ಳೆಯದು. ಅದು ದೀಪಕ್ಕೇ ಸರಿ, ನೈವೇದ್ಯಕ್ಕಲ್ಲ.

ಅಳತೆಯಲ್ಲೇ ಚೌಕಾಸಿ ನಡೆಯುವ ಒಂದು ಸಂತೆಯನ್ನು ನೋಡಬೇಕೆಂದಿದ್ದರೆ ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡಬಸವಣ್ಣನ ದೇವಸ್ಥಾನದ ಸುತ್ತಿನ ಕಡಲೆಕಾಯಿ ಪರಿಷೆಗೆ ಹೋಗಬೇಕು. ಅಲ್ಲಿ ಸೇರಿನ ದರವನ್ನು ಇಳಿಸಿ ಎಂದು ಕೇಳುವವರು ಕಡಿಮೆ. ಸೇರಿನ ಮೇಲೆ ಗೋಪುರ ಎಷ್ಟು ಎತ್ತರ ನಿಲ್ಲುತ್ತದೆ, ಸುರಿದಾದ ಮೇಲೆ ಕೊಸರಾಗಿ ಎಷ್ಟು ಹಿಡಿ ಬೀಳುತ್ತದೆ ಎಂಬುದರ ಮೇಲೆ ಎಲ್ಲರ ಕಣ್ಣು. ನನಗೆ ಈ ಪದ್ಧತಿ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಮಾರುವವನ ದರದ ಮಾನವೂ ಉಳಿಯುತ್ತದೆ, ಕೊಳ್ಳುವವನ ಚೀಲವೂ ತುಂಬುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲೂ ದರ ಇಳಿಸಲು ಒಪ್ಪದ ಅಜ್ಜಿ "ಕೊಸರು ಹಾಕಮ್ಮ" ಎಂದರೆ ನಾಲ್ಕು ತುಳಸಿ ಕಡ್ಡಿಯನ್ನೋ ಒಂದು ಹಿಡಿ ಬಿಡಿಹೂವನ್ನೋ ಸೇರಿಸಿಯೇ ಕೊಡುತ್ತಾಳೆ.

ಪೇಟೆಯ ಭೂಗೋಳವನ್ನು ಅರಿಯುವುದು ಇನ್ನೊಂದು ಉಳಿತಾಯ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ಬೆಂಗಳೂರು ಪೇಟೆಯ ಬೀದಿಗಳಿಗೆ ಕಸುಬಿನ, ಸರಕಿನ ಹೆಸರುಗಳೇ ಅಂಟಿಕೊಂಡಿವೆ: ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ. ಹೆಸರಿನ ಸರಕು ಹಲವು ಕಡೆ ಬದಲಾಗಿದ್ದರೂ ಒಂದೇ ಬಗೆಯ ಅಂಗಡಿಗಳು ಸಾಲಾಗಿ ಕೂರುವ ಗುಣ ಉಳಿದಿದೆ, ಚೌಕಾಸಿ ಮಾಡಲು ಬಾರದವರಿಗೆ ಇದೇ ದೊಡ್ಡ ಆಸರೆ. ಹತ್ತು ಅಂಗಡಿಗಳು ಒಂದೇ ಮುಖವಾಡವನ್ನು ತೂಗುಹಾಕಿರುವ ಸಾಲಿನಲ್ಲಿ ಮೊದಲ ಅಂಗಡಿಯಿಂದ ಕೊನೆಯವರೆಗೆ ಏನನ್ನೂ ಕೊಳ್ಳದೆ ಒಮ್ಮೆ ನಡೆದು, ಮೂರು ಕಡೆ ಬೆಲೆ ಕೇಳಿ ಬಂದರೆ ಆ ದಿನದ ದರ ಎಷ್ಟೆಂದು ತಾನಾಗಿ ತಿಳಿಯುತ್ತದೆ. ಬೀದಿಯ ಬಾಯಲ್ಲಿರುವ ಮೊದಲ ಅಂಗಡಿಯ ದರ ಸಾಮಾನ್ಯವಾಗಿ ಹೆಚ್ಚು, ಒಳಗೆ ಹೋದಷ್ಟೂ ಇಳಿಯುತ್ತದೆ. ಬಾಡಿಗೆಯ ವ್ಯತ್ಯಾಸವೇ ಇದಕ್ಕೆ ಕಾರಣ. ಮಾರುಕಟ್ಟೆಯ ಕಟ್ಟಡ ನಿಂತಿರುವುದು ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿದ್ದ ಜಾಗದಲ್ಲಿ. ಮಳೆ ಬಂದ ದಿನ ಆ ನೆಲ ಕೆರೆಯ ಗುಣವನ್ನು ಇನ್ನೂ ಬಿಟ್ಟಿಲ್ಲ ಎನ್ನಿಸುತ್ತದೆ, ಹಾಗಾಗಿ ಒಳ್ಳೆಯ ಚಪ್ಪಲಿಯನ್ನೂ ನೆಲ ಗುಡಿಸುವ ಸೀರೆಯನ್ನೂ ಮನೆಯಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಚಿಕ್ಕಪೇಟೆಯ ಸೀರೆ ಬೀದಿಗಳಲ್ಲಿ "ಬನ್ನಿ ಮೇಡಂ, ಸಗಟು ದರ, ಬರೀ ನೋಡಿ ಹೋಗಿ" ಎಂದು ಕರೆಯುವವರು ಹೆಜ್ಜೆಗೊಬ್ಬರು. ಇವರಲ್ಲಿ ಅಂಗಡಿಯ ನೌಕರರೂ ಇದ್ದಾರೆ, ಗಿರಾಕಿಯನ್ನು ಕರೆತಂದರೆ ಕಮಿಷನ್ ಪಡೆಯುವವರೂ ಇದ್ದಾರೆ. ಎರಡನೆಯವರ ಹಿಂದೆ ಮಹಡಿ ಹತ್ತಿದರೆ ಅವರ ಕಮಿಷನ್ ನಿಮ್ಮ ಸೀರೆಯ ಬೆಲೆಯೊಳಗೇ ಕೂರುತ್ತದೆ. ಗೊತ್ತಿರುವ ಅಂಗಡಿಯ ಹೆಸರು ಕೇಳಿದರೆ "ಅದು ಇವತ್ತು ಮುಚ್ಚಿದೆ" ಎನ್ನುವವರ ಮಾತನ್ನು ನಂಬದೆ ನೀವೇ ನಡೆದು ನೋಡಬೇಕು.

ರೇಷ್ಮೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಹಬ್ಬದ ಖರೀದಿಯಲ್ಲಿ ನಿಜವಾಗಿ ಸಾವಿರಗಳ ಲೆಕ್ಕದಲ್ಲಿ ಕಳೆದುಕೊಳ್ಳುವುದು ಇಲ್ಲಿಯೇ, ನಾವು ವಾದಿಸುವುದು ಮಾತ್ರ ಹೂವಿನವಳ ಹತ್ತು ರೂಪಾಯಿಗೆ. ಮಾರಾಟಗಾರ "ಸೆಮಿ" ಎಂದರೆ ಅದು ಶುದ್ಧ ರೇಷ್ಮೆಯಲ್ಲ ಎಂದು ಅವನೇ ಪ್ರಾಮಾಣಿಕವಾಗಿ ಹೇಳಿದಂತೆ, ಆ ಸೀರೆಗೂ ಅದರದೇ ಆದ ಉಪಯೋಗವಿದೆ. ತೊಂದರೆ ಬರುವುದು "ಪ್ಯೂರ್" ಎಂದು ಹೇಳಿ ಅರ್ಧ ಬೆಲೆಗೆ ಕೊಡುವಲ್ಲಿ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿ ಸೀರೆಗೆ ಅಂಟಿದೆಯೇ ನೋಡಬೇಕು. ಆ ಚೀಟಿ ಹೇಳುವುದು ನೂಲು ಶುದ್ಧ ರೇಷ್ಮೆಯೆಂದಷ್ಟೇ. ಜರಿ ಎಂಥದು ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಚೀಟಿಯಿಲ್ಲದಿದ್ದರೆ ಸೆರಗಿನ ಅಂಚಿನಿಂದ ಒಂದು ಎಳೆ ಬಿಡಿಸಿಕೊಡಿ ಎನ್ನಬಹುದು. ಅಂಗಡಿಯಾತ ಶುದ್ಧವೆಂದು ನಂಬಿದ್ದರೆ ಹಿಂಜರಿಯುವುದಿಲ್ಲ. ಉದ್ದದ ಎಳೆಯನ್ನೂ ಅಡ್ಡದ ಎಳೆಯನ್ನೂ ಬೇರೆಬೇರೆಯಾಗಿ, ಅಂಗಡಿಯ ಹೊರಗೆ ಬಂದು, ಬೆಂಕಿಕಡ್ಡಿಗೆ ಹಿಡಿದು ನೋಡಬೇಕು, ಏಕೆಂದರೆ ಒಂದರಲ್ಲಿ ರೇಷ್ಮೆ, ಇನ್ನೊಂದರಲ್ಲಿ ಪಾಲಿಯೆಸ್ಟರ್ ಇರುವ ನೇಯ್ಗೆಯೂ ಉಂಟು. ರೇಷ್ಮೆಯ ಎಳೆ ನಿಧಾನವಾಗಿ ಉರಿದು, ಕೂದಲು ಸುಟ್ಟ ವಾಸನೆ ಬಿಟ್ಟು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ.

ಮೈಸೂರು ರೇಷ್ಮೆ ಎಂಬ ಹೆಸರನ್ನು ಕೇಳಿದ ತಕ್ಷಣ ಇನ್ನೂ ಎಚ್ಚರವಾಗಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯ ಸೀರೆಗಳನ್ನು ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನದೇ ಮಳಿಗೆಗಳಲ್ಲಿ ಮಾರುತ್ತದೆ, ಆ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಪಾದಚಾರಿ ಮಾರ್ಗದಲ್ಲಿ ಎರಡು ಸಾವಿರಕ್ಕೆ ಸಿಗುವುದು ಅದರಂತೆ ಕಾಣುವ ಕ್ರೇಪ್ ಬಟ್ಟೆ. ಚೆನ್ನಾಗಿ ಕಾಣುತ್ತದೆಂದು ಕೊಳ್ಳಿ, ಮೈಸೂರು ರೇಷ್ಮೆ ಅಗ್ಗಕ್ಕೆ ಸಿಕ್ಕಿತೆಂದಲ್ಲ. ಯಾವ ಸೀರೆಯನ್ನೇ ಆಗಲಿ ಬಾಗಿಲಿನ ಹಗಲ ಬೆಳಕಿಗೆ ತಂದು, ಪೂರ್ತಿ ಬಿಚ್ಚಿಸಿ, ಒಡಲಿನ ನಡುವೆ ಎಳೆ ಸರಿದಿದೆಯೇ, ರವಿಕೆ ತುಂಡು ಸೇರಿ ಆರು ಮೀಟರಿಗೂ ಮೇಲೆ ಇದೆಯೇ ಎಂದು ನೋಡಿ, ಬಿಲ್ಲು ಪಡೆಯಬೇಕು. ಬಿಲ್ಲಿಲ್ಲದಿದ್ದರೆ ಇನ್ನೂರು ಕಡಿಮೆ ಎನ್ನುವ ಆಮಿಷಕ್ಕೆ ಒಪ್ಪಿದರೆ ಮರಳಿಸುವ ಹಕ್ಕನ್ನು ಇನ್ನೂರಕ್ಕೆ ಮಾರಿದಂತಾಯಿತು.

ಇಷ್ಟೆಲ್ಲ ಆದ ಮೇಲೆ ಚೌಕಾಸಿ. ಹೇಳಿದ ಬೆಲೆಯ ಅರ್ಧದಿಂದ ಶುರು ಮಾಡಬೇಕೆಂಬ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ, ವ್ಯಾಪಾರಿಗೂ ಸಹ. ಆದ್ದರಿಂದ ಅವನು ದುಪ್ಪಟ್ಟು ಹೇಳುತ್ತಾನೆ, ಕಾಲು ಗಂಟೆ ಹೋರಾಡಿ ಇಬ್ಬರೂ ಮೊದಲೇ ಗೊತ್ತಿದ್ದ ಜಾಗಕ್ಕೆ ಬಂದು ನಿಲ್ಲುತ್ತಾರೆ. ಸಾಲಿನಲ್ಲಿ ನಡೆದು ದರ ತಿಳಿದವರಿಗೆ ಇದು ಬೇಕಾಗಿಲ್ಲ. ನಿಮಗೆ ಸರಿಯೆನಿಸಿದ ಅಂಕಿಯನ್ನು ಒಂದೇ ಸಲ, ದನಿ ಏರಿಸದೆ ಹೇಳಿ ಸುಮ್ಮನಿರಬೇಕು. "ಅಸಲೇ ಗಿಟ್ಟಲ್ಲ ಅಕ್ಕ" ಎಂಬ ಉತ್ತರ ಬಂದರೆ ಸರಿ ಎಂದು ಹೊರಡಬೇಕು. ನಾಲ್ಕು ಹೆಜ್ಜೆಯೊಳಗೆ ಮತ್ತೆ ಕರೆದರೆ ನಿಮ್ಮ ಅಂಕಿ ಸರಿಯಾಗಿತ್ತು, ಕರೆಯದಿದ್ದರೆ ಅವನ ಮಾತು ನಿಜವಾಗಿತ್ತು. ಕರೆಯದ ಅಂಗಡಿಗೆ ಮರಳಿ ಹೋಗಿ ಅವನ ದರಕ್ಕೇ ಕೊಳ್ಳುವುದರಲ್ಲಿ ಅವಮಾನವೇನಿಲ್ಲ, ಆದರೆ ನಮ್ಮವರಿಗೆ ಇದೊಂದು ಕಷ್ಟ. ಒಂದೇ ವಸ್ತುವಿನ ಬೆಲೆ ಇಳಿಸುವುದಕ್ಕಿಂತ ಒಂದೇ ಕಡೆ ಬಳೆ, ರವಿಕೆ ಕಣ, ಅರಿಶಿನ ಕುಂಕುಮದ ಬಟ್ಟಲು ಎಲ್ಲವನ್ನೂ ಗುಡ್ಡೆ ಹಾಕಿ "ಒಟ್ಟು ಎಷ್ಟಕ್ಕೆ ಮಾಡಿಕೊಡ್ತೀರಿ" ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಬೆಳಗಿನ ಬೋಣಿಯ ಹೊತ್ತಿನಲ್ಲಿ ಹೋದವರಿಗೆ ಒಂದು ಅನುಕೂಲವೂ ಒಂದು ಕಟ್ಟುಪಾಡೂ ಇದೆ. ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದೆಂದು ವ್ಯಾಪಾರಿ ತುಸು ಬಗ್ಗುತ್ತಾನೆ, ಆದ್ದರಿಂದಲೇ ಕೊಳ್ಳುವ ಮನಸ್ಸಿಲ್ಲದವರು ಬೋಣಿಯ ಹೊತ್ತಿನಲ್ಲಿ ಬೆಲೆ ಕೇಳಿ ಅವನ ದಿನ ಕೆಡಿಸಬಾರದು.

ಯಾರೊಡನೆ ಚೌಕಾಸಿ ಮಾಡಬೇಕು ಎಂಬುದರಲ್ಲಿ ನನಗೆ ನನ್ನದೇ ಪಕ್ಷಪಾತವಿದೆ. ಮೂರು ಮಹಡಿಯ ಸೀರೆ ಅಂಗಡಿಯಲ್ಲಿ ಗಂಟೆಗಟ್ಟಲೆ ವಾದಿಸಲು ನನಗೆ ಸಂಕೋಚವಿಲ್ಲ. ಮೇಲ್ಸೇತುವೆಯ ಕೆಳಗೆ ಗೋಣಿತಾಟು ಹಾಸಿ ಮಾವಿನ ಸೊಪ್ಪು, ಗರಿಕೆ ಮಾರುವವಳ ಹತ್ತಿರ ಮಾತ್ರ ವಾದಿಸಲಾರೆ. ನಗರದ ಬೀದಿ ವ್ಯಾಪಾರದಲ್ಲಿ ಮೀಟರ್ ಬಡ್ಡಿ ಎಂಬುದೊಂದಿದೆ: ಬೆಳಿಗ್ಗೆ ಒಂಬೈನೂರು ಪಡೆದು ಸಂಜೆ ಸಾವಿರ ತೀರಿಸುವ ಸಾಲ. ಈ ಉರುಳಿನಿಂದ ಬಿಡಿಸಲೆಂದು ರಾಜ್ಯದಲ್ಲಿ 2018ರಲ್ಲಿ ಬಡವರ ಬಂಧು ಯೋಜನೆ ಬಂತು, 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಯೋಜನೆ ಮೊದಲ ಕಂತಾಗಿ 10,000 ರೂಪಾಯಿಯ ಸಾಲ ಕೊಡತೊಡಗಿತು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಗುರುತಿನ ಚೀಟಿಯನ್ನೂ ಜಾಗದ ಹಕ್ಕನ್ನೂ ಕೊಡಬೇಕೆಂದು ಹೇಳುತ್ತದೆ. ಆದರೂ ಹಬ್ಬದ ಹಿಂದಿನ ದಿನದ ದೊಡ್ಡ ಬಂಡವಾಳಕ್ಕೆ ಬಡ್ಡಿ ಸಾಲವನ್ನೇ ನೆಚ್ಚುವವರು ಇದ್ದಾರೆ, ಉಳಿದ ಸೊಪ್ಪು ಮರುದಿನ ಕಸವಾಗುವ ಹೊಣೆಯೂ ಅವರದೇ. ಸೊಪ್ಪಿನ ಕಟ್ಟಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟೆನೆಂಬ ಚಿಂತೆಯನ್ನು ಸೀರೆ ಅಂಗಡಿಯ ಕಡೆಗೆ ತಿರುಗಿಸಿಕೊಂಡರೆ ಇಬ್ಬರಿಗೂ ಒಳಿತು.

ಗಣೇಶನ ಮೂರ್ತಿಯನ್ನು ಮುನ್ನಾದಿನ ರಾತ್ರಿ ಅಗ್ಗಕ್ಕೆ ತರುವ ಉಪಾಯವೊಂದನ್ನು ಕೆಲವರು ಹೇಳುತ್ತಾರೆ. ಅಗ್ಗವಾಗುವುದು ನಿಜ, ಆದರೆ ಆ ಹೊತ್ತಿಗೆ ಉಳಿದಿರುವುದರಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ನುಸುಳಿರುವ ಸಂಭವವೂ ಹೆಚ್ಚು. ಎತ್ತಿ ನೋಡಿದರೆ ಗಾತ್ರಕ್ಕೆ ತಕ್ಕ ಭಾರವಿಲ್ಲದೆ, ಮೈಯೆಲ್ಲ ನುಣುಪಾಗಿ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಜೇಡಿಮಣ್ಣಿನದು ಭಾರ, ಬಣ್ಣವಿಲ್ಲದ ತಳದಲ್ಲಿ ಮಣ್ಣಿನ ಒರಟು ಕೈಗೆ ಸಿಗುತ್ತದೆ. ಮೂರ್ತಿ ಮಾಡುವವರ ಬಳಿ ಹದಿನೈದು ದಿನ ಮುಂಚೆ ಮುಂಗಡ ಕೊಟ್ಟು ಹೆಸರು ಬರೆಸಿ ಬರುವುದೇ ಸರಿಯಾದ ಕ್ರಮ.

ಜನಸಂದಣಿಯನ್ನು ಕುರಿತು ಹೆಚ್ಚು ಹೇಳುವುದಿಲ್ಲ. 2017ರಲ್ಲಿ ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಚಿಕ್ಕಪೇಟೆ ಮತ್ತು ಕೃಷ್ಣರಾಜೇಂದ್ರ ಮಾರುಕಟ್ಟೆ ಎಂಬ ಎರಡು ನಿಲ್ದಾಣಗಳಿರುವಾಗ ಕಾರಿನಲ್ಲಿ ಹೋಗುವವರು ತಾವಾಗಿ ಕಷ್ಟವನ್ನು ಬರಮಾಡಿಕೊಳ್ಳುತ್ತಾರೆ. ಸೀರೆ, ಬಳೆಗೆ ಚಿಕ್ಕಪೇಟೆಯಲ್ಲಿ ಇಳಿದು, ಮಾರುಕಟ್ಟೆಯ ಕಡೆಗೆ ನಡೆಯುತ್ತ ಹಗುರದ ಸಾಮಾನು ಕೊಂಡು, ಹೂವು ಹಣ್ಣನ್ನು ಕೊನೆಗೆ ತೆಗೆದುಕೊಂಡು ಮಾರುಕಟ್ಟೆಯ ನಿಲ್ದಾಣದಲ್ಲಿ ಹತ್ತಿದರೆ ಭಾರ ಹೊರುವ ದೂರ ಕಡಿಮೆಯಾಗುತ್ತದೆ. ಗಟ್ಟಿ ಬಟ್ಟೆಯ ಎರಡು ಚೀಲ ಇರಲಿ, ಹೂವಿಗೆ ಬೇರೆ, ಬಾಳೆಹಣ್ಣಿಗೆ ಬೇರೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಮುಂದಿನ ಜೇಬಿನಲ್ಲಿ ಬೇರೆ ಇಟ್ಟುಕೊಳ್ಳಬೇಕು. ಯುಪಿಐ ಎಲ್ಲ ಗಾಡಿಯಲ್ಲೂ ಇದ್ದರೂ ಸಾವಿರಾರು ಜನ ಒಂದೇ ಕಡೆ ನಿಂತಾಗ ನೆಟ್‌ವರ್ಕ್ ಕೈಕೊಡುತ್ತದೆ. ಹಣ ಬಂದ ದನಿ ಪೆಟ್ಟಿಗೆಯಿಂದ ಕೇಳುವವರೆಗೆ ವ್ಯಾಪಾರಿ ಚೀಲ ಬಿಡುವುದಿಲ್ಲ, ಬಿಡಲೂಬಾರದು, ಸುಳ್ಳು ಪರದೆ ತೋರಿಸಿ ಹೋಗುವವರನ್ನು ಅವನು ಕಂಡಿದ್ದಾನೆ. ಜೇಬುಗಳ್ಳರು ಕೆಲಸ ಮಾಡುವುದು ನೀವು ಬಗ್ಗಿ ಹೂವು ಆರಿಸುವ ಕ್ಷಣದಲ್ಲಿ, ಆದ್ದರಿಂದ ಮೊಬೈಲ್ ಪ್ಯಾಂಟಿನ ಹಿಂದಿನ ಜೇಬಿನಲ್ಲಾಗಲಿ ತೆರೆದ ಕೈಚೀಲದಲ್ಲಾಗಲಿ ಇರಬಾರದು. ಹೋದದ್ದೇ ಆದರೆ ಪೊಲೀಸ್ ದೂರು ಕೊಟ್ಟು, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಯಲ್ಲಿ ಆ ಫೋನನ್ನು ನಿರ್ಬಂಧಿಸಬಹುದು. ಅದಕ್ಕೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬೇಕಾಗುವುದರಿಂದ ಅದನ್ನು ಮನೆಯಲ್ಲಿ ಬರೆದಿಟ್ಟು ಹೊರಡಬೇಕು.

ಹಬ್ಬ ಮುಗಿದ ಶನಿವಾರ ಅಲಂಕಾರದ ಸಾಮಾನು ಅರ್ಧ ಬೆಲೆಗೆ ಸಿಗುತ್ತದೆಂದು ಮತ್ತೆ ಪೇಟೆಗೆ ಓಡುವವರಿದ್ದಾರೆ. ಹೂವು, ಬಾಳೆಕಂದು, ಹಣ್ಣಿನ ಮಟ್ಟಿಗೆ ಅದು ಸರಿ. ಮುಖವಾಡ, ಹಿತ್ತಾಳೆಯ ಕಳಶ, ಕೃತಕ ಹಾರ, ಮಂಟಪದ ಪರದೆಗಳ ದರ ಆಗ ಇಳಿಯುವುದಿಲ್ಲ, ಏಕೆಂದರೆ ಗೌರಿ ಗಣೇಶ, ನವರಾತ್ರಿ, ದೀಪಾವಳಿ ಸಾಲಾಗಿ ಎದುರಿಗಿರುವಾಗ ಯಾವ ವ್ಯಾಪಾರಿಗೂ ಅದನ್ನು ಕಳೆದುಕೊಳ್ಳುವ ಆತುರವಿರುವುದಿಲ್ಲ. ಇವುಗಳನ್ನು ಕೇಳಬೇಕಾದ ಕಾಲ ಪೇಟೆ ತುಸು ಬಿಡುವಾಗುವ ಧನುರ್ಮಾಸ. ಆಗ ಅಂಗಡಿಯಾತ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿ ಉಳಿದದ್ದನ್ನೆಲ್ಲ ತೋರಿಸುತ್ತಾನೆ, ಮೂಲೆ ಮಾಸಿದ ಪರದೆಗೆ ಅವನೇ ಬೆಲೆ ತಗ್ಗಿಸಿ ಹೇಳುತ್ತಾನೆ.